ಎಡಚಿ ಸುತ್ತಿದ ಸುರುಳಿ

ಅವಳನ್ನು ಒಂದು ಕಡೆ ಕೂರಿಸುವುದು ಹೆತ್ತ ತಾಯಿಯಿಂದಲೂ ಆಗಿರಲಿಲ್ಲ. ಊಟಕ್ಕೆ ಕೂತವಳು ಅರ್ಧಕ್ಕೆ ಎದ್ದು, ನಲ್ಲಿ ನಿಲ್ಲಿಸಿದೆನೋ ಇಲ್ಲವೋ ಎಂದು ನೋಡಿ ಬರುವಳು. ದೇವರ ಮುಂದೆ ಕಣ್ಣು ಮುಚ್ಚಿ ನಿಂತರೂ ಕಾಲಿನ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಲೇ ಇರುವುದು. ಅದಕ್ಕಾಗಿ ದೇವರು ಬೇಸರಪಟ್ಟುಕೊಂಡ ಹಾಗೆ ಎಂದೂ ಕಾಣಲಿಲ್ಲ, ಬೇಸರಪಟ್ಟುಕೊಂಡವರೆಲ್ಲ ಮನುಷ್ಯರೇ.

ಅದರ ಮೇಲೆ ಎಡಗೈ ಬೇರೆ. ಶಾಲೆಯಲ್ಲಿ ಟೀಚರು ಅವಳ ಎಡಗೈಯನ್ನು ಜಡೆಯ ರಿಬ್ಬನ್ನಿನಿಂದಲೇ ಬೆಂಚಿಗೆ ಕಟ್ಟಿಹಾಕಿ ಬಲಗೈಯಲ್ಲಿ ಬರೆಯಲು ಕಲಿಸಿದರು. ಬರವಣಿಗೆ ಮಾತ್ರ ಬಲಗೈಗೆ ಹೋಯಿತು. ತರಕಾರಿ ಹೆಚ್ಚುವುದು, ಗುಡಿಸುವುದು, ಸೂಜಿಗೆ ದಾರ ಪೋಣಿಸುವುದು, ಸಿಟ್ಟು ಬಂದಾಗ ಬಾಗಿಲು ಎಳೆದು ಹಾಕುವುದು ಎಲ್ಲ ಎಡಗೈಯಲ್ಲೇ ಉಳಿಯಿತು. 'ಎಡಚಿ' ಎಂಬ ಹೆಸರು ತವರಿನಿಂದ ಗಂಡನ ಮನೆಗೆ ಅವಳ ಪೆಟ್ಟಿಗೆಗಿಂತ ಮೊದಲೇ ಬಂದು ಸೇರಿತ್ತು. ಕರೆದವರಿಗೆ ಅವಳೂ ಮುಖ ಸಿಂಡರಿಸದೆ ಓಗೊಟ್ಟಳು. ಓಗೊಡದೆ ಇದ್ದರೆ ಇನ್ನೂ ಜೋರಾಗಿ ಕರೆಯುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಗಂಡ ಬಸ್ಸು ಓಡಿಸುತ್ತಿದ್ದ. ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದ. ಮನೆಯ ಮುಂದಿನ ಕೋಣೆ ಮಾವನ ಅಂಗಡಿ. ಎದುರಿಗೆ ಬಲ್ಬು, ಸ್ವಿಚ್ಚು, ವೈರಿನ ಸುರುಳಿಗಳು. ಪರದೆ ಸರಿಸಿ ಒಳಗೆ ಹೋದರೆ ಒಂದು ಉದ್ದನೆಯ ಮರದ ಮೇಜು, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ವೈಂಡಿಂಗ್ ಮಷೀನು. ಸುಟ್ಟುಹೋದ ಫ್ಯಾನು, ಪಂಪು, ಕರೆಗಂಟೆ, ಕರೆಂಟಿನ ಬೀಗ ಏನೇ ಬರಲಿ, ಒಳಗಿನ ಕರಕಲು ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿಕೊಡುವುದು ಮಾವನ ಕಸುಬು. ಮಷೀನೆಂದರೆ ದೊಡ್ಡದೇನಲ್ಲ: ಒಂದು ಅಡ್ಡ ಸಲಾಕೆ, ಅದರ ಒಂದು ತುದಿಗೆ ತಂತಿ ಸುತ್ತಿಕೊಳ್ಳುವ ಬಾಬಿನ್ನು, ಇನ್ನೊಂದು ತುದಿಗೆ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ಲು, ನಡುವೆ ಸುತ್ತುಗಳ ಲೆಕ್ಕ ತೋರಿಸುವ ಪುಟ್ಟ ಡಬ್ಬಿ. ಆದರೆ ಆ ಸಲಾಕೆ ತಿರುಗುವ ಸದ್ದು ಕೇಳಿದರೆ ಅವಳ ಚಡಪಡಿಕೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಮದುವೆಯಾದ ಹೊಸತರಲ್ಲಿ ಟೀ ಕೊಡುವ ನೆಪದಲ್ಲಿ ಪರದೆಯ ಹತ್ತಿರ ನಿಂತವಳು ಟೀ ಆರುವ ತನಕ ನಿಂತೇ ಇರುತ್ತಿದ್ದಳು.

"ಏನಮ್ಮಾ, ಅಷ್ಟು ನೋಡ್ತೀಯ?" ಎಂದು ಮಾವ ಒಮ್ಮೆ ಕೇಳಿದರು.

"ಇದು ಸುತ್ತಿದರೆ ಏನಾಗುತ್ತೆ ಮಾವ?"

ಮಾವ ಸುತ್ತಿ ಮುಗಿಸಿದ ಒಂದು ಸುರುಳಿಯೊಳಗೆ ಕಬ್ಬಿಣದ ತುಂಡು ತೂರಿಸಿ, ಎರಡು ತುದಿಗೆ ಕರೆಂಟು ಕೊಟ್ಟರು. ಮೇಜಿನ ಮೇಲಿದ್ದ ಸ್ಪ್ಯಾನರು ಚಂಗನೆ ಜಿಗಿದು ಅಂಟಿಕೊಂಡಿತು. ಕರೆಂಟು ನಿಲ್ಲಿಸಿದರು. ಸ್ಪ್ಯಾನರು ಕಳಚಿ ಬಿತ್ತು.

"ತಂತೀಲಿ ಕರೆಂಟು ಹರಿದರೆ ಅದರ ಸುತ್ತ ಅಯಸ್ಕಾಂತದ ಗುಣ ಹುಟ್ಟುತ್ತೆ. ಸುರುಳಿ ಮಾಡಿದರೆ ಅಷ್ಟೂ ಒಂದು ಕಡೆ ಸೇರುತ್ತೆ. ನಡುವೆ ಕಬ್ಬಿಣ ಇಟ್ಟರೆ ಇನ್ನೂ ಜೋರು. ನಿಲ್ಲಿಸಿದರೆ ಬರೀ ತಂತಿ, ಬರೀ ಕಬ್ಬಿಣ."

ದೀಪದ ಹಾಗೆ ಹಚ್ಚಿ ಆರಿಸಬಹುದಾದ ಅಯಸ್ಕಾಂತ! ಅವಳು ಆ ದಿನ ಮಾಡಿದ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಳು.

ಒಂದು ಸಲ ಮಾವನಿಗೆ ಜ್ವರ ಬಂದು ಮಲಗಿದಾಗ, ಗಿರಾಕಿ ಒಬ್ಬ ಫ್ಯಾನಿಗಾಗಿ ಬಾಗಿಲಲ್ಲೇ ಬೇರು ಬಿಟ್ಟು ಕೂತ. ಅವಳು ಮಷೀನಿನ ಮುಂದೆ ಹೋಗಿ ಕೂತಳು. ಹ್ಯಾಂಡಲ್ಲು ಬಲಕ್ಕಿತ್ತು, ಬಲಗೈಯಲ್ಲಿ ತಿರುಗಿಸಿದರೆ ತಂತಿ ಗಂಟುಗಂಟಾಯಿತು. ಮೇಜನ್ನು ಸ್ವಲ್ಪ ಮುಂದಕ್ಕೆ ಎಳೆದು, ಗೋಡೆಗೂ ಮೇಜಿಗೂ ನಡುವೆ ಹೊಟ್ಟೆ ಒಳಗೆ ಎಳೆದುಕೊಂಡು ತೂರಿ ಆಚೆ ಬದಿಯಲ್ಲಿ ಕೂತಳು. ಈಗ ಹ್ಯಾಂಡಲ್ಲು ಎಡಕ್ಕೆ ಬಂತು. "ಸ್ವಾಮೀ, ನೀನೇ ನೋಡ್ಕೋ" ಎಂದು ಹೇಳಿಕೊಂಡು ಶುರು ಮಾಡಿದಳು. ಫ್ಯಾನು ತಿರುಗಿತು. ಜ್ವರ ಬಿಟ್ಟು ಎದ್ದ ಮಾವ ಫ್ಯಾನಿನ ಕಥೆ ಕೇಳಿದರು. ಮರುದಿನ ಒಂದು ಸುಟ್ಟ ಮೋಟಾರನ್ನು ಅವಳ ಮುಂದೆ ಇಟ್ಟರು. ಅಷ್ಟೇ ಒಪ್ಪಿಗೆ.

ಅಂದಿನಿಂದ ಫ್ಯಾನು, ಪಂಪು, ಕರೆಗಂಟೆ ಎಲ್ಲ ಅವಳ ಪಾಲು. ಒಂದನ್ನು ಮಾತ್ರ ಮಾವ ಮುಟ್ಟಿಸುತ್ತಿರಲಿಲ್ಲ: ಜೋಡಿ ಸುರುಳಿ. ಎರಡು ಸುರುಳಿ ಜೊತೆಯಾಗಿ ಒಂದೇ ಕಬ್ಬಿಣವನ್ನು ಎಳೆಯುವಂಥ ಕೆಲಸ ಬಂದರೆ ಎರಡನ್ನೂ ಅವರೇ ಸುತ್ತುತ್ತಿದ್ದರು.

"ಜೋಡಿ ಅಂದಮೇಲೆ ಒಂದೇ ಕೈಯಲ್ಲಿ ಆಗಬೇಕು. ನನಗೆ ಈ ಕಸುಬು ಕಲಿಸಿದ ಮೇಷ್ಟ್ರು ಹೇಳಿದ್ದು."

"ಯಾಕೆ ಮಾವ?"

"ಯಾಕೆ ಅಂತ ಅವರು ಹೇಳಲಿಲ್ಲ. ನಾನು ಕೇಳಲಿಲ್ಲ. ಕೇಳಿದ್ದರೆ ಕಿವಿ ಹಿಂಡ್ತಿದ್ದರು."

"ಹಾಗಾದರೆ ಎರಡನ್ನೂ ನಾನೇ ಸುತ್ತಲಾ?"

"ಜೋಡಿಗೆ ಎಡಗೈ ಬೇಡ" ಎಂದರು ಮಾವ. ಅದಕ್ಕೂ ಕಾರಣ ಹೇಳಲಿಲ್ಲ. ಅವಳು ಒಳಗೆ ಹೋಗಿ ಪಾತ್ರೆಗಳನ್ನು ಬೇಕಿಲ್ಲದಷ್ಟು ಜೋರಾಗಿ ತೊಳೆದಳು.

ಹೀಗೆ ವರ್ಷಗಳು ಉರುಳಿದವು. ಆಮೇಲೆ ಮಾವನ ಬಲ ಭುಜ ಹಿಡಿದುಕೊಂಡಿತು. ಮೊದಲು ಅಂಗಿ ತೊಡುವಾಗ ನೋವು. ಬರಬರುತ್ತಾ ತಟ್ಟೆಯಿಂದ ತುತ್ತು ಎತ್ತುವಾಗಲೂ ನೋವು. ಒಂದು ದಿನ ಬೆಳಿಗ್ಗೆ ಟೀ ಕುಡಿಯುತ್ತಾ ಮಾವ ಗೋಡೆಗೆ ಹೇಳುವ ಹಾಗೆ ಹೇಳಿದರು: "ಮಷೀನು ಹಳೇ ಶಿಷ್ಯನಿಗೆ ಕೊಟ್ಟುಬಿಡ್ತೀನಿ. ಅವನು ಬಹಳ ದಿನದಿಂದ ಕೇಳ್ತಿದ್ದಾನೆ. ಭಾನುವಾರ ಬಂದು ತಗೊಂಡು ಹೋಗ್ತಾನೆ."

ಹಳೇ ಶಿಷ್ಯ ಎಂದರೆ ಒಂದು ಕಾಲದಲ್ಲಿ ಇದೇ ಮೇಜಿನಲ್ಲಿ ಕಲಿತು, ಈಗ ಪೇಟೆಯ ಆಚೆ ತುದಿಯಲ್ಲಿ ಸ್ವಂತ ಅಂಗಡಿ ಇಟ್ಟವನು.

ಅವಳು ಕೈಲಿದ್ದ ಲೋಟ ಕೆಳಗಿಟ್ಟಳು. "ಮತ್ತೆ ನಾನು?"

"ನೀನು ಮುಂದಿನ ಅಂಗಡಿ ನೋಡ್ಕೋ. ಬಲ್ಬು ಮಾರು."

"ಬಲ್ಬು ಮಾರ್ತಾ ಕೂತರೆ ನನಗೆ ಹುಚ್ಚು ಹಿಡಿಯುತ್ತೆ ಮಾವ."

"ಜೋಡಿ ಸುತ್ತೋ ಕೈ ಇಲ್ಲದ ಮೇಲೆ ಅದು ವೈಂಡಿಂಗ್ ಅಂಗಡಿ ಅಲ್ಲಮ್ಮಾ. ಅರ್ಧ ಕೆಲಸ ವಾಪಸ್ ಕಳಿಸ್ತಾ ಕೂರೋದು ನನ್ನಿಂದ ನೋಡೋಕಾಗಲ್ಲ."

ಆ ವಾರವೆಲ್ಲ ಅವಳು ಬೆಂಕಿಯ ಮೇಲೆ ನಿಂತ ಹಾಗಿದ್ದಳು. ಹಾಲು ಉಕ್ಕಿತು, ಅನ್ನ ತಳ ಹತ್ತಿತು, ಒಣಗಿದ ಬಟ್ಟೆಯನ್ನು ಎತ್ತಿ ತಂದು ಮತ್ತೆ ಒಣಗಲು ಹಾಕಿ ಬಂದಳು. ಕೆಲಸ ಇಲ್ಲದಿದ್ದರೂ ಪರದೆ ಸರಿಸಿ ಮಷೀನಿನ ಸಲಾಕೆಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಬರುವಳು. ಹಾಗೆ ಬಿಟ್ಟು ಬಿಟ್ಟು ಸಲಾಕೆ ನೆಂದು ಹೋಗಿತ್ತು.

ಭಾನುವಾರಕ್ಕೆ ಇನ್ನೂ ಸ್ವಲ್ಪ ದಿನ ಇರುವಾಗ ಲಿಫ್ಟಿನವನು ಬಂದ. ಲಿಫ್ಟುಗಳ ರಿಪೇರಿ ಮಾಡುವವನು, ಮಾವನ ಹಳೆಯ ಗಿರಾಕಿ, ಮಾತಿಗೆ ಮುಂಚೆ ನಗುವವನು. ಇವತ್ತು ನಗುತ್ತಿರಲಿಲ್ಲ.

"ಯಜಮಾನ್ರೇ, ಪೇಟೆ ಬೀದಿಯ ಎತ್ತರದ ಕಟ್ಟಡದ ಲಿಫ್ಟು ನಿಂತುಹೋಗಿದೆ. ಬ್ರೇಕಿನ ಕಾಯಿಲ್ ಎರಡೂ ಸುಟ್ಟಿವೆ. ಮೆಟ್ಟಿಲು ಹತ್ತಿ ಹತ್ತಿ ಜನ ನನಗೆ ಶಾಪ ಹಾಕ್ತಿದ್ದಾರೆ."

ಅವನು ಮೇಜಿನ ಮೇಲಿಟ್ಟದ್ದು ಕುದುರೆ ಲಾಳದ ಆಕಾರದ ದಪ್ಪ ಕಬ್ಬಿಣ. ಅದರ ಎರಡು ಕಾಲಿಗೆ ಒಂದೊಂದು ಸುರುಳಿ, ಎರಡೂ ಇದ್ದಿಲಾಗಿದ್ದವು. ಎರಡು ತುದಿಗೆ ಎದುರಾಗಿ ಒಂದು ಕಬ್ಬಿಣದ ಪಟ್ಟಿ.

"ಲಿಫ್ಟು ಬಿದ್ದುಗಿದ್ದೀತು ಅಂತ ಭಯ ಇಲ್ವಾ ಅಣ್ಣಾ?" ಎಂದು ಅವಳು ಕೇಳಿದಳು.

"ಅದೇ ಇದರ ಚೆಂದ ಅಕ್ಕಾ. ಬ್ರೇಕು ಹಿಡಿಯೋದು ಸ್ಪ್ರಿಂಗು. ಅಯಸ್ಕಾಂತದ ಕೆಲಸ ಬಿಡಿಸೋದು. ಕರೆಂಟು ಬಂದರೆ ಅಯಸ್ಕಾಂತ ಪಟ್ಟಿಯನ್ನ ಎಳೆದು ಬ್ರೇಕು ಬಿಡಿಸುತ್ತೆ, ಲಿಫ್ಟು ಓಡುತ್ತೆ. ಕರೆಂಟು ಹೋದರೆ ಪಟ್ಟಿ ಕಳಚಿ ಸ್ಪ್ರಿಂಗು ಕಚ್ಚಿಕೊಳ್ಳುತ್ತೆ. ಅಯಸ್ಕಾಂತ ಸತ್ತರೆ ಲಿಫ್ಟು ಬೀಳಲ್ಲ, ಅಲ್ಲಾಡಲ್ಲ ಅಷ್ಟೇ. ಬೈಗುಳ ಮಾತ್ರ ಬೀಳುತ್ತೆ, ನನ್ನ ತಲೆ ಮೇಲೆ."

ಮಾವ ಹಲ್ಲು ಕಚ್ಚಿ ಮೊದಲನೆಯ ಸುರುಳಿ ಸುತ್ತಿದರು. ಮುಗಿಯುವ ಹೊತ್ತಿಗೆ ಹಣೆಯ ಬೆವರು ಮೂಗಿನ ತುದಿಯಿಂದ ಹನಿಯುತ್ತಿತ್ತು. ಎರಡನೆಯದಕ್ಕೆ ಕೈ ಮೇಲೆ ಏಳಲೇ ಇಲ್ಲ. ಹ್ಯಾಂಡಲ್ಲು ಬಿಟ್ಟು ಭುಜ ಒತ್ತಿಕೊಂಡು ಕೂತರು.

"ನನಗೆ ಕೊಡಿ ಮಾವ" ಎಂದಳು.

ಮಾವ ಅವಳ ಮುಖ ನೋಡಿದರು. "ಸುತ್ತು. ಈ ಜೋಡಿಯಿಂದ ಲಿಫ್ಟು ಹತ್ತಿಳಿದರೆ ಮಷೀನು ನಿನ್ನದು, ಶಿಷ್ಯನಿಗೆ ಇಲ್ಲ ಅಂತೀನಿ. ಹತ್ತಲಿಲ್ಲ ಅಂದರೆ ಭಾನುವಾರ ನೀನು ಬಾಯಿ ಬಿಚ್ಚಬಾರದು."

ಅವಳು ಗೋಡೆಯ ಸಂದಿಗೆ ತೂರಿಕೊಂಡಳು. ಮಾವ ಹಾಕಿದಷ್ಟೇ ಸುತ್ತು, ಅದೇ ದಪ್ಪದ ತಂತಿ, ಅದೇ ಬಿಗಿ. ಶುರುವಿನ ತುದಿಗೆ ಕೆಂಪು ಕೊಳವೆ, ಕೊನೆಯ ತುದಿಗೆ ಕಪ್ಪು ಕೊಳವೆ ತೊಡಿಸಿದಳು. ವಾರ್ನಿಷ್ ಹಾಕಿ ಒಣಗಿಸಿ ನೋಡಿದರೆ ಯಾವುದು ಮಾವನದು, ಯಾವುದು ತನ್ನದು ಎಂದು ಗೊತ್ತೇ ಆಗದ ಹಾಗಿತ್ತು. ಆ ಸಂತೋಷದಲ್ಲಿ ಅವಳು ಲಿಫ್ಟಿನವನಿಗೆ ಎರಡು ಸಲ ಟೀ ಕೊಟ್ಟಳು.

ಭಾನುವಾರ ಬೆಳಿಗ್ಗೆಯೇ ಅವನು ಎಲ್ಲವನ್ನೂ ಮತ್ತೆ ಹೊತ್ತು ತಂದು ಮೇಜಿನ ಮೇಲೆ ಇಳಿಸಿದ. "ಪಟ್ಟಿ ಅಲ್ಲಾಡ್ತಾನೇ ಇಲ್ಲ ಯಜಮಾನ್ರೇ. ಬ್ರೇಕು ಕಚ್ಚಿದ್ದು ಕಚ್ಚಿದ ಹಾಗೇ ಇದೆ, ಮೋಟಾರು ಗುರ್ ಅಂತ ಒದ್ದಾಡಿ ಬಿಸಿಯಾಗಿ ನಿಂತುಹೋಯ್ತು."

ಮಾವ ಅವಳ ಕಡೆ ನೋಡಲಿಲ್ಲ. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ನಿನ್ನದನ್ನ ಕತ್ತರಿಸಿ ಹಾಕು" ಎಂದರು. "ಶಿಷ್ಯ ಹೇಗೂ ಸಂಜೆ ಬರ್ತಾನೆ. ಎರಡನ್ನೂ ಅವನೇ ಹೊಸದಾಗಿ ಸುತ್ತಿಕೊಡ್ತಾನೆ." ಹೇಳಿ, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಮುಂದಿನ ಅಂಗಡಿಗೆ ಹೋಗಿ ಕೂತರು. ಲಿಫ್ಟಿನವನು ಇನ್ನೊಂದು ಕಟ್ಟಡ ನೋಡಿ ಬರುತ್ತೇನೆಂದು ಹೋದ.

ಅವಳು ಚಾಕು ತೆಗೆದುಕೊಂಡಳು. ಇಟ್ಟಳು. ಮತ್ತೆ ತೆಗೆದುಕೊಂಡಳು. ಕತ್ತರಿಸುವ ಮೊದಲು ಒಂದು ಸಲ ನೋಡೋಣವೆಂದು ಅಂಗಡಿಯ ಡಿ.ಸಿ. ಡಬ್ಬಿಯಿಂದ, ಎಂದರೆ ಬ್ಯಾಟರಿಯ ಹಾಗೆ ಒಂದೇ ದಿಕ್ಕಿಗೆ ಹರಿಯುವ ಕರೆಂಟು ಕೊಡುವ ಡಬ್ಬಿಯಿಂದ, ತನ್ನ ಸುರುಳಿಯೊಂದಕ್ಕೇ ಕರೆಂಟು ಕೊಟ್ಟಳು. ಪಟ್ಟಿ ಎಳೆದುಕೊಂಡಿತು. ಮಾವನದೊಂದಕ್ಕೇ ಕೊಟ್ಟಳು. ಎಳೆದುಕೊಂಡಿತು. ಎರಡನ್ನೂ ಜೋಡಿಸಿ ಕೊಟ್ಟಳು. ಪಟ್ಟಿ ಕದಲಲಿಲ್ಲ.

ಒಬ್ಬೊಬ್ಬರೇ ಎತ್ತುವ ಮೂಟೆಯನ್ನು ಇಬ್ಬರು ಸೇರಿದರೆ ಎತ್ತಲಾಗುವುದಿಲ್ಲ ಎಂದರೆ ಏನರ್ಥ? ಅವಳು ಎದ್ದು ಅಡುಗೆಮನೆಗೆ ಹೋದಳು, ಏಕೆ ಬಂದೆನೆಂದು ತಿಳಿಯದೆ ಮರಳಿದಳು. ಕಿಟಕಿ ತೆರೆದಳು, ಮುಚ್ಚಿದಳು. ಪುನಃ ಕರೆಂಟು ಕೊಟ್ಟಳು. ಎರಡೂ ಸುರುಳಿ ಬೆಚ್ಚಗಾಗುತ್ತಿದ್ದವು, ಕರೆಂಟು ಹರಿಯುತ್ತಲೇ ಇತ್ತು. ಪಟ್ಟಿ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಬಿದ್ದಿತ್ತು. "ಏನಪ್ಪಾ ಇದು" ಎಂದು ಗೋಡೆಯ ಮೇಲಿನ ದೇವರ ಪಟದ ಕಡೆ ನೋಡಿದಳು. ಅಲ್ಲಿಂದ ನೇರ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದರೂ ಕೇಳುವುದು ಅವಳ ರೂಢಿ.

ಆಗ ನಾದಿನಿ ಬಂದಳು. ಹತ್ತಿರದ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅವಳನ್ನು ಇವಳು ಹೆಸರು ಹಿಡಿದು ಕರೆಯದೆ ಟೀಚರಮ್ಮ ಎಂದೇ ಕರೆಯುವುದು. ಮರುದಿನದ ಪಾಠಕ್ಕೆ ತುಂಡು ತಂತಿ ಕೇಳಲು ಚೀಲ ಹಿಡಿದುಕೊಂಡು ಬಂದಿದ್ದಳು.

"ಅತ್ತಿಗೆ, ಚಾಕು ಹಿಡ್ಕೊಂಡು ಯಾರಿಗೆ ಕಾಯ್ತಿದ್ದೀರಿ? ನಾನಂತೂ ಏನೂ ತಪ್ಪು ಮಾಡಿಲ್ಲ."

"ತಂತಿ ಆ ಡಬ್ಬೀಲಿದೆ, ತಗೊಂಡು ಹೋಗು ಟೀಚರಮ್ಮ. ಇವತ್ತು ನನ್ನ ಜೊತೆ ತಮಾಷೆ ಬೇಡ."

ನಾದಿನಿ ಹೋಗಲಿಲ್ಲ. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಸ್ಕೇಲನ್ನು ತಲೆಗೂದಲಿಗೆ ಉಜ್ಜಿ, ಚೂರು ಕಾಗದಗಳ ಮೇಲೆ ಹಿಡಿದು ಕುಣಿಸುತ್ತಾ ಹೇಳಿದಳು: "ನೋಡಿ, ಇದೂ ಎಳೆಯುತ್ತೆ. ಮಕ್ಕಳು ಇದನ್ನೂ ಅಯಸ್ಕಾಂತ ಅಂತಾರೆ. ಅಲ್ಲ ಅಂತ ತಿಳಿಸೋಕೆ ನನ್ನ ಗಂಟಲು ಹರಿಯುತ್ತೆ. ಇದು ಉಜ್ಜಿದಾಗ ನಿಂತಲ್ಲೇ ನಿಂತ ವಿದ್ಯುತ್ತು. ಧನವೋ ಋಣವೋ ಒಂದೇ ಸಿಗಬಹುದು. ಅಯಸ್ಕಾಂತ ಹಾಗಲ್ಲ. ಎಷ್ಟು ಮುರಿದರೂ ಪ್ರತಿ ಚೂರಿಗೂ ಉತ್ತರ ದಕ್ಷಿಣ ಎರಡೂ ಇದ್ದೇ ಇರುತ್ತೆ."

"ನನ್ನ ತಲೆ ಮುರಿದರೂ ಎರಡು ಆಗುತ್ತೆ, ಸುಮ್ನಿರು."

"ಇದನ್ನೊಂದು ಕೇಳಿ, ಆಮೇಲೆ ಹೋಗ್ತೀನಿ. ನಿನ್ನೆ ಮೊಳೆಗೆ ತಂತಿ ಸುತ್ತಿ ಸೆಲ್ಲಿಗೆ ಕೊಡೋ ಪ್ರಯೋಗ. ಎಲ್ಲರ ಮೊಳೆಯೂ ಗುಂಡುಪಿನ್ನು ಎತ್ತಿತು. ಒಂದೇ ಬೆಂಚಿನ ಇಬ್ಬರು ಹುಡುಗೀರದು ಮಾತ್ರ ಒಂದನ್ನೂ ಎತ್ತಲಿಲ್ಲ. ಬೇಗ ಮುಗೀಲಿ ಅಂತ ಪಕ್ಕಪಕ್ಕ ಕೂತು, ಒಬ್ಬಳು ಮೊಳೆಯ ಈ ತುದಿಯಿಂದ, ಇನ್ನೊಬ್ಬಳು ಆ ತುದಿಯಿಂದ ಸುತ್ತಿ, ನಡುವೆ ಗಂಟು ಹಾಕಿದ್ದಾರೆ. ಅಲ್ಲೇ ನನಗೆ ಕಕ್ಕಾಬಿಕ್ಕಿ. ಮನೆಗೆ ಹೋಗಿ ಯೋಚಿಸಿದರೆ, ಒಬ್ಬಳ ಸುತ್ತಲ್ಲಿ ಕರೆಂಟು ಗಡಿಯಾರದ ಮುಳ್ಳಿನ ಹಾಗೆ ಹೋಗುತ್ತೆ, ಇನ್ನೊಬ್ಬಳದರಲ್ಲಿ ಅದಕ್ಕೆ ವಿರುದ್ಧ. ಇವಳು ಮಾಡಿದ್ದನ್ನ ಅವಳು ಕೆಡಿಸಿದ್ದಾಳೆ. ಇಬ್ಬರೂ ಚೆನ್ನಾಗೇ ಸುತ್ತಿದ್ದಾರೆ, ಪಾಪ."

ಅವಳು ಚಾಕು ಕೆಳಗಿಟ್ಟಳು. "ಏನಂದೆ? ಇನ್ನೊಂದ್ಸಲ ಹೇಳು."

ನಾದಿನಿ ಹೇಳಿದಳು. ಅವಳು ಲಾಳದ ಕಬ್ಬಿಣವನ್ನು ಎಳೆದು ನಾದಿನಿಯ ಮುಂದಿಟ್ಟು, ನಡೆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಒದರಿದಳು. ನಾದಿನಿಯ ಚೀಲದಲ್ಲಿ ಪಾಠಕ್ಕೆ ತಂದ ದಿಕ್ಸೂಚಿ ಇತ್ತು.

"ತುಂಬ ಹತ್ತಿರ ತರಬೇಡಿ" ಎಂದಳು ನಾದಿನಿ. "ಜೋರಾದ ಅಯಸ್ಕಾಂತದ ಮುಂದೆ ಹಿಡಿದರೆ ಮುಳ್ಳಿನ ಗುಣವೇ ತಲೆಕೆಳಗಾಗಿಬಿಡುತ್ತೆ. ದೂರದಿಂದ ನೋಡೋಣ. ಲಾಳದ ಒಂದು ತುದಿ ಉತ್ತರ ಆದರೆ ಇನ್ನೊಂದು ದಕ್ಷಿಣ ಆಗಬೇಕು. ಅಯಸ್ಕಾಂತದ ಬಲ ಒಂದು ತುದಿಯಿಂದ ಹೊರಟು, ಪಟ್ಟಿಯೊಳಗೆ ಹಾದು, ಇನ್ನೊಂದು ತುದಿಯಿಂದ ಒಳಗೆ ಬಂದು ಸುತ್ತು ಪೂರ್ತಿ ಆಗಬೇಕು."

ಕರೆಂಟು ಕೊಟ್ಟರು. ಮಾವನ ಸುರುಳಿ ಇದ್ದ ತುದಿಯ ಕಡೆ ದಿಕ್ಸೂಚಿ ತಂದರು: ಮುಳ್ಳಿನ ಉತ್ತರದ ಮೊನೆ ತಟಕ್ಕನೆ ದೂರ ಸರಿಯಿತು. ಉತ್ತರ ಉತ್ತರವನ್ನು ತಳ್ಳುತ್ತದೆ. ಅಂದರೆ ಇದು ಉತ್ತರ. ಅವಳ ಸುರುಳಿಯ ಕಡೆ ತಂದರು. ಮೊನೆ ಮತ್ತೆ ದೂರ ಸರಿಯಿತು.

"ಎರಡೂ ಉತ್ತರ!" ಎಂದಳು ನಾದಿನಿ. "ಎರಡು ಕಡೆಯಿಂದಲೂ ತಳ್ಳಾಟ. ಒಳಗೆ ಬರೋ ಬಾಗಿಲೇ ಇಲ್ಲ. ಪಟ್ಟಿ ಹೇಗೆ ಅಲ್ಲಾಡುತ್ತೆ? ನಿಮ್ಮದರ ಕರೆಂಟು ಯಾವ ಕಡೆ ತಿರುಗುತ್ತೆ ನೋಡಿ. ಬೆರಳು ಕರೆಂಟು ಹೋಗೋ ಕಡೆಗೆ ಮಡಚಿ, ಹೆಬ್ಬೆರಳು ಎತ್ತಿ. ಹೆಬ್ಬೆರಳು ತೋರಿಸಿದ್ದು ಉತ್ತರ."

ಅವಳು ಮುಷ್ಟಿ ಮಡಚಿ ಹಿಡಿದಳು. "ದಕ್ಷಿಣ ಅಂತ ಬರ್ತಿದೆಯಲ್ಲ? ನಿನ್ನ ಮುಳ್ಳು ಸುಳ್ಳು ಹೇಳ್ತಿದೆ."

"ಬಲಗೈ ಅತ್ತಿಗೆ, ಬಲಗೈ! ಇದೊಂದಕ್ಕಾದರೂ!"

ಇಬ್ಬರೂ ನಕ್ಕರು. ಆದರೆ ನಗು ಅರ್ಧಕ್ಕೇ ನಿಂತು ಅವಳು ಮೇಜಿನ ಆ ಬದಿಗೂ ಈ ಬದಿಗೂ ನೋಡಿದಳು. ಮಾವ ಈ ಬದಿ ಕೂತು ಹ್ಯಾಂಡಲ್ಲನ್ನು ತಮ್ಮಿಂದ ಮುಂದಕ್ಕೆ ತಿರುಗಿಸುತ್ತಾರೆ. ಅವಳು ಆ ಬದಿ ಕೂತು ತನ್ನಿಂದ ಮುಂದಕ್ಕೆ ತಿರುಗಿಸುತ್ತಾಳೆ. ಅವಳ ಮುಂದು ಮಾವನ ಹಿಂದು. ಇಷ್ಟು ವರ್ಷ ಅವಳ ಕೈಯಲ್ಲಿ ಸಲಾಕೆ ಉಲ್ಟಾ ತಿರುಗುತ್ತಲೇ ಇತ್ತು. ಫ್ಯಾನಿನ ಸುರುಳಿಗಳೆಲ್ಲ ಅವಳ ಒಬ್ಬಳ ಕೈಯಲ್ಲೇ ಆಗುತ್ತಿದ್ದುದರಿಂದ ಎಲ್ಲವೂ ಒಟ್ಟಿಗೆ ಉಲ್ಟಾ, ಯಾರಿಗೂ ತಿಳಿಯಲಿಲ್ಲ. ಅರ್ಧ ಮಾವನ ಕೈಯದು, ಅರ್ಧ ತನ್ನ ಕೈಯದು ಆದ ಮೊದಲನೆಯ ಕೆಲಸ ಇದು.

"ಹಾಗಾದರೆ ಬಿಚ್ಚಿ ಸುತ್ತಬೇಕಾ? ಸಂಜೆಯೊಳಗೆ ವಾರ್ನಿಷ್ ಒಣಗಲ್ಲ."

"ತಂತಿ ಯಾವ ಕಡೆ ಸುತ್ತಿದೆ ಅಂತ ಯಾರಿಗೆ ಬೇಕು? ಕರೆಂಟು ಯಾವ ಕಡೆ ತಿರುಗುತ್ತೆ ಅನ್ನೋದು ಮುಖ್ಯ. ಅದು..."

ನಾದಿನಿಯ ಮಾತು ಮುಗಿಯುವ ಮೊದಲೇ ಅವಳ ಕೈ ಹೋಗಿತ್ತು. ತನ್ನ ಸುರುಳಿಯ ಕೆಂಪು ತುದಿ ಇದ್ದಲ್ಲಿ ಕಪ್ಪು, ಕಪ್ಪು ಇದ್ದಲ್ಲಿ ಕೆಂಪು. ಕರೆಂಟು ಕೊಟ್ಟಳು. ಪಟ್ಟಿ ಠಪ್ಪೆಂದು ಬಡಿದು ಅಂಟಿತು. ಮೇಜಿನ ಮೇಲಿದ್ದ ಟೀ ಲೋಟ ನಡುಗಿತು. ನಿಲ್ಲಿಸಿದಳು. ಕಳಚಿತು. ಕೊಟ್ಟಳು. ಠಪ್.

ಸದ್ದಿಗೆ ಮಾವ ಪರದೆ ಸರಿಸಿದರು. ಕೇಳಿದರು. ತಾವೇ ಎಡಗೈಯಲ್ಲಿ ದಿಕ್ಸೂಚಿ ಹಿಡಿದು ಎರಡು ತುದಿಗೂ ತಂದು ನೋಡಿದರು.

"ಅಂದರೆ ಉಲ್ಟಾ ಆಗಿದ್ದು ನಿನ್ನದೋ, ನನ್ನದೋ?"

"ಯಾರದೂ ಅಲ್ಲ ಮಾವ. ಒಂದಕ್ಕೊಂದು ಉಲ್ಟಾ."

ಮಾವ ಬಹಳ ಹೊತ್ತು ಆ ದಿಕ್ಸೂಚಿಯನ್ನು ಕೆಳಗಿಡಲಿಲ್ಲ. "ಮೇಷ್ಟ್ರು ಹೇಳಿದ್ದು ಇದಕ್ಕೇನಾ..." ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಅವರ ಮುಖದಲ್ಲಿ ಸಂತೋಷವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ತಮ್ಮ ಮನೆಯಲ್ಲೇ ಗೊತ್ತಿಲ್ಲದ ಒಂದು ಕೋಣೆ ಕಂಡವರ ಹಾಗಿದ್ದರು. ಆಮೇಲೆ ದಿಕ್ಸೂಚಿ ಕೆಳಗಿಟ್ಟು, "ಮೇಜಿನ ಮೇಲೆ ಎಳೆದರೆ ಆಗಲಿಲ್ಲಮ್ಮಾ. ಲಿಫ್ಟು ಹತ್ತಿಳಿದರೆ ಅಂತ ತಾನೇ ಮಾತು?" ಎಂದರು.

ಲಿಫ್ಟಿನವನು ಬಂದ ಕೂಡಲೇ ಅವಳೂ ಅವನ ಜೊತೆ ಹೊರಟಳು. ಲಿಫ್ಟು ಇಲ್ಲದ ಕಟ್ಟಡದ ಮೆಟ್ಟಿಲುಗಳು ಮುಗಿಯುವ ಹಾಗೆ ಕಾಣಲಿಲ್ಲ. ಮಾಳಿಗೆಯ ಮೇಲಿನ ಮಷೀನಿನ ಕೋಣೆಯಲ್ಲಿ ಗ್ರೀಸಿನ ವಾಸನೆ, ಧೂಳು, ದಪ್ಪ ಹಗ್ಗದಂಥ ಉಕ್ಕಿನ ತಂತಿಗಳು. ಅವನು ಸಾವಧಾನವಾಗಿ ಒಂದೊಂದೇ ಸ್ಕ್ರೂ ಬಿಗಿಯುತ್ತಿದ್ದ. ಅವಳು ಬಾಗಿಲಿಗೂ ಕಿಟಕಿಗೂ ನಡುವೆ ಓಡಾಡಿದಳು.

"ಅಕ್ಕಾ, ಒಂದು ಕಡೆ ನಿಂತ್ಕೊಳ್ಳಿ. ನಿಮ್ಮನ್ನ ನೋಡಿ ನನ್ನ ಸ್ಕ್ರೂಡ್ರೈವರೂ ಓಡಾಡ್ತಿದೆ."

"ನೀವು ಬೇಗ ಮುಗಿಸಿ ಅಣ್ಣಾ, ನಿಲ್ತೀನಿ."

ಅವನು ಸ್ವಿಚ್ಚು ಒತ್ತುವಾಗ ಅವಳು ಕಣ್ಣು ಮುಚ್ಚಿದಳು. ತುಟಿ ಮಾತ್ರ ಅಲ್ಲಾಡಿತು. ಠಪ್ಪೆಂದಿತು, ಆಮೇಲೆ ದೊಡ್ಡ ಚಕ್ರ ನುಣ್ಣಗೆ ತಿರುಗುವ ಸದ್ದು. ಕಣ್ಣು ತೆರೆದಾಗ ಉಕ್ಕಿನ ಹಗ್ಗ ಮೇಲಕ್ಕೆ ಹರಿಯುತ್ತಿತ್ತು. ಲಿಫ್ಟು ಮೇಲೆ ಬಂತು, ನಿಂತಿತು, ಕೆಳಗೆ ಹೋಯಿತು, ನಿಂತಿತು. ನಿಂತಾಗಲೆಲ್ಲ ಪಟ್ಟಿ ಕಳಚಿ ಬ್ರೇಕು ಕಚ್ಚಿಕೊಳ್ಳುತ್ತಿತ್ತು. ಒಂದು ಚೂರೂ ಜಾರಲಿಲ್ಲ.

ಲಿಫ್ಟಿನವನು ಅಂಗಡಿಗೆ ಫೋನು ಮಾಡಿದ. ಬಡಿದುಕೊಂಡು ಬಡಿದುಕೊಂಡು ನಿಂತುಹೋಯಿತು. ಯಾರೊಡನೆಯಾದರೂ ಮಾತಿಗೆ ಕೂತರೆ ಮಾವ ಫೋನು ಎತ್ತುವುದಿಲ್ಲ. ಯಾರು ಬಂದಿರಬಹುದು ಎಂಬುದು ಅವಳಿಗೆ ತಕ್ಷಣ ಹೊಳೆಯಿತು. ಲಿಫ್ಟಿಗೂ ಕಾಯದೆ ಮೆಟ್ಟಿಲುಗಳನ್ನು ಧಡಧಡ ಇಳಿದಳು. ಬೀದಿಯಲ್ಲಿ ಎದುರಾದವರು ಏನಾಯಿತೆಂದು ಕೇಳಿದರೆ ಕೈ ಬೀಸಿ ಓಡಿದಳು.

ಅಂಗಡಿಯ ಮುಂದೆ ಒಂದು ಗೂಡ್ಸ್ ಆಟೋ ನಿಂತಿತ್ತು. ಹಿಂದುಗಡೆ, ಗೋಣಿಚೀಲದ ಮೇಲೆ ಮಷೀನು. ಹಳೇ ಶಿಷ್ಯ ಅದಕ್ಕೆ ಹಗ್ಗ ಬಿಗಿಯುತ್ತಿದ್ದ. ನಾದಿನಿ ಬಾಗಿಲಿಗೆ ಅಡ್ಡ ನಿಂತು ಮುಖ ಊದಿಸಿಕೊಂಡಿದ್ದಳು.

"ನಾನು ಎಷ್ಟು ಹೇಳಿದರೂ ಅಪ್ಪ ಕೇಳಲಿಲ್ಲ ಅತ್ತಿಗೆ. ಸುದ್ದಿ ಬರಲಿ ಅಂದರೆ, ಬರೋದಾಗಿದ್ದರೆ ಇಷ್ಟು ಹೊತ್ತಿಗೆ ಬರ್ತಿತ್ತು ಅಂದರು."

ಮಾವ ಮೆಟ್ಟಿಲ ಮೇಲೆ ಕೂತಿದ್ದರು. ಅವಳನ್ನು ನೋಡಿ ಎದ್ದರು. "ಹತ್ತಿತಾ?"

ಅವಳು ಏದುಸಿರು ಬಿಡುತ್ತಾ ಕೈಯನ್ನು ಮೇಲೆತ್ತಿ ತೋರಿಸಿದಳು, ಕೆಳಗಿಳಿಸಿ ತೋರಿಸಿದಳು, ಮತ್ತೆ ಮೇಲೆತ್ತಿದಳು.

"ಇಳಿಸು" ಎಂದರು ಮಾವ, ಶಿಷ್ಯನ ಕಡೆ ತಿರುಗಿ.

"ಗುರುಗಳೇ?"

"ಮಷೀನು ಇಳಿಸು ಅಂದೆ. ನಿನಗೆ ಮಾತು ಕೊಡೋ ಮೊದಲು ಇವಳಿಗೆ ಕೊಡಬೇಕಿತ್ತು. ತಪ್ಪು ನನ್ನದು."

"ಆಟೋ ಕರೆಸಿಕೊಂಡು ಬಂದಿದ್ದೀನಿ ಗುರುಗಳೇ!" ಶಿಷ್ಯ ಹಗ್ಗ ಹಿಡಿದುಕೊಂಡೇ ನಿಂತ. "ಎಡಗೈಗೆ ಕೊಡ್ತೀರಾ ಇದನ್ನ? ಜೋಡಿ ಕೆಲಸ ಬಂದರೆ?"

"ಈ ವಾರ ಬಂದಿತ್ತು. ನಾನು ಅರ್ಧ, ಅವಳು ಅರ್ಧ. ಲಿಫ್ಟು ಓಡ್ತಿದೆ."

"ಎರಡು ಕೈಯ ಜೋಡಿಯಾ?" ಶಿಷ್ಯನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. "ಹಾಗೆ ಮಾಡಿ ಯಾವತ್ತೂ ಓಡಿಲ್ಲ. ಒಂದು ಸಲ ನನ್ನ ತಮ್ಮ ಒಂದು ಸುತ್ತಿ, ನಾನೊಂದು ಸುತ್ತಿ, ಎರಡನ್ನೂ ಕಸಕ್ಕೆ ಹಾಕಿದ್ದೆ."

"ನಿಮ್ಮ ತಮ್ಮ ಕೂರೋದು ಮೇಜಿನ ಯಾವ ಬದಿಗೆ?" ಎಂದು ಅವಳು ಕೇಳಿದಳು. ಉಸಿರು ಇನ್ನೂ ಸರಿಯಾಗಿರಲಿಲ್ಲ.

"ನನ್ನ ಎದುರಿಗೆ. ಯಾಕೆ?"

ಅವಳು ಹೇಳಲು ಶುರುಮಾಡಿದಳು. ಅರ್ಧ ಹೇಳಿ, ಆಟೋ ಹತ್ತಿ ಹಗ್ಗದ ಗಂಟು ಬಿಚ್ಚಿದಳು. ಬಿಚ್ಚುತ್ತಾ ಉಳಿದರ್ಧ ಹೇಳಿದಳು. ಶಿಷ್ಯ ಕೈ ಮಡಚಿ ನೋಡಿಕೊಂಡ, ತಲೆ ಕೆರೆದುಕೊಂಡ, ಮತ್ತೆ ಮಡಚಿ ನೋಡಿಕೊಂಡ. ಕೊನೆಗೆ ಮಷೀನಿನ ಒಂದು ಕಡೆ ತಾನು ಹಿಡಿದು, ಇನ್ನೊಂದು ಕಡೆ ಅವಳು ಹಿಡಿದು ಒಳಗೆ ಹೊತ್ತುಕೊಂಡು ಬಂದರು. ಮಾವ ಎಡಗೈಯಲ್ಲಿ ಪರದೆ ಎತ್ತಿ ಹಿಡಿದರು.

"ಬಂದ ಆಟೋ ಖಾಲಿ ಹೋಗಬಾರದು ತಂಗೀ" ಎಂದ ಶಿಷ್ಯ, ಬೆವರು ಒರೆಸಿಕೊಳ್ಳುತ್ತಾ. ಮುಖ ಇನ್ನೂ ಹುಳ್ಳಗಿತ್ತು, ಆದರೆ ಕಸುಬಿನವನ ಆಸೆ ಅದರ ಮೇಲೆ ಬಂದು ಕೂತಿತ್ತು. "ನನ್ನ ಅಂಗಡೀಲಿ ಒಂದು ಜೋಡಿ ಬಿದ್ದಿದೆ. ಬಾಗಿಲಿನ ದೊಡ್ಡ ಕರೆಂಟು ಬೀಗದ್ದು. ಒಂದು ಚೆನ್ನಾಗಿದೆ, ಒಂದು ಸುಟ್ಟಿದೆ. ಚೆನ್ನಾಗಿರೋದನ್ನ ಬಿಚ್ಚೋಕೆ ಮನಸ್ಸಿಲ್ಲ. ಒಂದನ್ನೇ ಸುತ್ತಿ ಕೊಡ್ತೀಯಾ?"

ಅವಳು ಆಗಲೇ ಗೋಡೆಯ ಸಂದಿಗೆ ತೂರಿ ಬೋಲ್ಟುಗಳನ್ನು ಬಿಗಿಯುತ್ತಿದ್ದಳು.

"ಚೆನ್ನಾಗಿರೋದರ ಶುರುವಿನ ತುದಿ ಯಾವುದು? ಅಲ್ಲಿಂದ ತಂತಿ ಯಾವ ಕಡೆ ತಿರುಗಿದೆ?"

"ಅದನ್ನೆಲ್ಲ ಯಾರು ನೋಡ್ತಾರೆ?"

"ನೋಡ್ಕೊಂಡು ಬನ್ನಿ. ಬೇಡ, ಎರಡನ್ನೂ ತಗೊಂಡೇ ಬನ್ನಿ, ನಾನೇ ನೋಡ್ತೀನಿ. ಟೀಚರಮ್ಮ, ನಿನ್ನ ದಿಕ್ಸೂಚಿ ಇವತ್ತು ಇಲ್ಲೇ ಇರಲಿ" ಎಂದವಳು, ಶಿಷ್ಯ ಇನ್ನೂ ಹೊಸಿಲು ದಾಟುವ ಮೊದಲೇ, ಬಾಬಿನ್ನಿಗಾಗಿ ಮೇಜಿನ ಕೆಳಗೆ ಕೈ ಹಾಕಿ ತಡಕತೊಡಗಿದಳು.